ಅಕ್ಕ ಓದಿ ಹೇಳದ ಕಾಗದ

ನನ್ನ ಹೊಲಿಗೆ ಅಂಗಡಿಗೆ ಕೆಲಸಕ್ಕೆ ಬರುವ ಮೊದಲೇ ಆಕೆಗೆ ಹೊಲಿಗೆ ಬರುತ್ತಿತ್ತು. ನಾನೇ ಕೈಹಿಡಿದು ಕಲಿಸಿದೆ ಎಂದು ನಾನಿರುವ ಪ್ಲಿಮತ್‌ನ ನಮ್ಮ ಕಡೆಯ ಹೆಂಗಸರ ಮುಂದೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ಅದು ಶುದ್ಧ ಸುಳ್ಳು. ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ಕಾಲಿನಿಂದ ತುಳಿಯುವ ಮಷೀನಿನ ಮೇಲೆ ಪಳಗಿದ ಕೈ ಅದು. ಮೊದಲ ದಿನ ಪರೀಕ್ಷೆ ಮಾಡೋಣ ಎಂದು, ನಾನೇ ಅಂಚು ಹೊಲಿದಿದ್ದ ಒಂದು ಪ್ಯಾಂಟು ಕೊಟ್ಟು, ಇನ್ನೊಂದು ಕಾಲನ್ನು ಹೀಗೆಯೇ ಹೊಲಿ ಎಂದೆ. ಆಕೆ ನನ್ನ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು, ನನ್ನ ಮುಖವನ್ನೂ ನೋಡಿದಳು, ಆಮೇಲೆ ನನ್ನದನ್ನೇ ಬಿಚ್ಚಿ ಎರಡೂ ಕಾಲನ್ನು ತಾನೇ ಹೊಲಿದಳು. ಸಿಟ್ಟು ಬಂತು. ಆದರೂ ಕೆಲಸಕ್ಕೆ ಇಟ್ಟುಕೊಂಡೆ.

ಅಂಗಡಿ ಇರುವುದು ಶಿಕಾಗೋದಿಂದ ನಾಲ್ಕೈದು ಗಂಟೆ ದಾರಿಯ ಸೌತ್‌ಫೀಲ್ಡಿನಲ್ಲಿ, ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ಒಂದು ಪಿಜ್ಜಾ ಅಂಗಡಿಗೂ ನಡುವೆ. ಪಕ್ಕದ ಆಫೀಸು ಟವರುಗಳಲ್ಲಿ ಕೆಲಸ ಮಾಡುವವರ ಪ್ಯಾಂಟು, ಕೋಟು, ಜಿಪ್ಪರು, ವಸಂತ ಬಂತೆಂದರೆ ಹೈಸ್ಕೂಲು ಹುಡುಗಿಯರು ಪ್ರಾಮ್ ಎಂಬ ಕುಣಿತದ ಪಾರ್ಟಿಗೆ ಹಾಕುವ ಡ್ರೆಸ್ಸು. ನಾನು ಗದಗಿನ ಕಡೆಯವಳು. ಮನೆಯಲ್ಲಿ ನಮ್ಮದು ದಖನಿ ಉರ್ದು, ಓದಿದ್ದು ಸರಕಾರಿ ಕನ್ನಡ ಶಾಲೆ, ಜಗಳಕ್ಕೆ ಮಾತ್ರ ಯಾವಾಗಲೂ ಕನ್ನಡ. ಆಕೆಯದು ಸೋಮಾಲಿ. ನಡುವೆ ಇಬ್ಬರದೂ ಅರ್ಧಂಬರ್ಧ ಇಂಗ್ಲಿಷು. ಸಾಬೂನು, ಕುರ್ಚಿ, ದುಕಾನು ಎಂಬ ಮಾತುಗಳು ಅವರಲ್ಲೂ ಹೆಚ್ಚುಕಡಿಮೆ ಹಾಗೇ ಇವೆ ಎಂದು ಗೊತ್ತಾದ ದಿನ ಇಬ್ಬರೂ ಸಣ್ಣ ಹುಡುಗಿಯರ ಹಾಗೆ ನಕ್ಕಿದ್ದೆವು. ಆಕೆ ನನ್ನನ್ನು ಅಬ್ಬಾಯೊ, ಎಂದರೆ ಅಕ್ಕಾ, ಎಂದು ಕರೆಯುತ್ತಾಳೆ. ಆಕೆಯ ಮಾತನ್ನು ಇಲ್ಲಿ ನನ್ನ ಊರಿನ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೇ ಕೇಳಿಸಿದ್ದು.

ಆಕೆಗೆ ಐದು ಮಕ್ಕಳು. ದೊಡ್ಡವಳು ಹುಡುಗಿ, ಆಗ ಹದಿನೇಳು. ಅವಳ ಹಿಂದೆ ಹದಿನೈದರ ಹುಡುಗ, ಆಮೇಲೆ ಮೂವರು ಚಿಕ್ಕವರು. ಗಂಡ ದೂರದ ಟ್ರಕ್ ಓಡಿಸುತ್ತಾನೆ, ತಿಂಗಳಲ್ಲಿ ಒಂದು ವಾರ ಮನೆಯಲ್ಲಿದ್ದರೆ ಹೆಚ್ಚು. ಶಿಬಿರದಲ್ಲಿ ಆಕೆ ಶಾಲೆಗೆ ಹೋದದ್ದು ಮೂರೇ ವರ್ಷ. ನೀರಿನ ಸಾಲಿನಲ್ಲಿ ನಿಲ್ಲಲು ಮನೆಯಿಂದ ಒಬ್ಬರು ಬೇಕಿತ್ತು, ಹೆಣ್ಣುಮಗು ಎಂದು ಇವಳನ್ನು ಬಿಡಿಸಿದರು. ಅಣ್ಣಂದಿರು ಓದಿದರು. ಅದನ್ನು ಆಕೆ ಹೇಳಿದ್ದು ದೂರಿನ ಧಾಟಿಯಲ್ಲಲ್ಲ, ನೂಲು ಖಾಲಿಯಾಯಿತು ಎನ್ನುವ ಹಾಗೆ.

ಶಾಲೆ ಬಿಟ್ಟ ಮೇಲೆ ದೊಡ್ಡ ಹುಡುಗಿ ನೇರ ಅಂಗಡಿಗೆ ಬರುತ್ತಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಒಂದು ಮೂಲೆ ಅವಳ ಆಫೀಸು. ಆ ಮಗುವನ್ನು ನೋಡಿದರೆ ನನಗೆ ಬೆರಗು. ತಮ್ಮಂದಿರ, ತಂಗಿಯ ಶಾಲೆಗಳಿಂದ ಬರುವ ಮೆಸೇಜುಗಳೆಲ್ಲ ಬರುವುದು ಅವಳ ಫೋನಿಗೆ. ಪಾಲಕರು ಎಂಬ ಜಾಗದಲ್ಲಿ ತಾಯಿಯ ಹೆಸರು, ಆದರೆ ನಂಬರು ಇವಳದು, ಇಮೇಲು ಇವಳದು, ಪಾಸ್‌ವರ್ಡ್ ಇವಳ ತಲೆಯಲ್ಲಿ. ಯಾರಿಗೆ ಜ್ವರ, ಯಾರಿಗೆ ಪ್ರವಾಸದ ಫಾರ್ಮು, ಯಾರಿಗೆ ಹಲ್ಲು ತೋರಿಸಬೇಕು, ಎಲ್ಲ ಅವಳೇ. ಆಫೀಸಿಗೆ ಫೋನ್ ಮಾಡಿ ದನಿ ದಪ್ಪ ಮಾಡಿಕೊಂಡು "ದಿಸ್ ಈಸ್ ಹಿಸ್ ಮದರ್" ಎನ್ನುತ್ತಿದ್ದಳು. ನಾನು ಸೂಜಿ ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದೆ. ಇಷ್ಟರ ನಡುವೆ ತಾನೂ ಎಲ್ಲ ವಿಷಯಕ್ಕೂ ಎ ಗ್ರೇಡು ತರುತ್ತಿದ್ದಳು. ತಮ್ಮ ಎನ್ನುವ ಮಹಾರಾಯ ಮಾತ್ರ ಬಾಸ್ಕೆಟ್‌ಬಾಲ್ ಎಂದು ಹೋದವನು ಊಟದ ಹೊತ್ತಿಗೆ ಬರುತ್ತಿದ್ದ. ಅವನು ಉಂಡ ತಟ್ಟೆಯೂ ಅಕ್ಕನದೇ.

"ನಮ್ಮ ಮಂದಿಯೊಳಗ ಎಲ್ಲಾ ಕಡೆ ಹಿಂಗ," ಎನ್ನುತ್ತಿದ್ದಳು ತಾಯಿ. "ಮಸೀದಿಗೆ ಹೋದ್ರ ಹೆಂಗಸೂರದು ಇದ ಮಾತು. ಹುಡುಗ್ಯಾರು ಮುಂದ ಮುಂದ ಓಡ್ತಾರ, ಹುಡುಗ್ರು ಹಿಂದ ಬಿದ್ದಾರ. ಯಾಕಂತ ಯಾರಿಗೂ ತಿಳಿವಲ್ದು."

"ಯಾಕ ಅಂದ್ರ, ಹುಡುಗ್ಯಾರಿಗೆ ಕೂಡಿ ಹಾಕ್ತೀರಿ, ಹುಡುಗರಿಗೆ ಬಿಟ್ಟು ಬಿಡ್ತೀರಿ," ಎಂದು ನಾನು ದೊಡ್ಡ ಪಂಡಿತಳ ಹಾಗೆ ಹೇಳಿದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ನೋಡುವ ಚಾಳಿ ನನ್ನದು. ಆ ಹೆಗ್ಗಣದ ವಿಷಯಕ್ಕೆ ಬರುತ್ತೇನೆ.

ಮಾರ್ಚ್ ಕೊನೆಯಲ್ಲಿ ಒಂದು ದಿನ ಅಂಗಡಿಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತು. ಹುಡುಗಿ ತಮ್ಮಂದಿರ ಫಾರ್ಮುಗಳನ್ನು ಅದರಲ್ಲೇ ಪ್ರಿಂಟ್ ಮಾಡುತ್ತಿದ್ದಳು. ಎಳೆದು ತೆಗೆದೆ, ನೋಡಿದರೆ ಕಂಗ್ರಾಜುಲೇಶನ್ಸ್ ಎಂದು ದೊಡ್ಡ ಅಕ್ಷರ. ಎರಡು ಗಂಟೆ ದಾರಿಯ ಒಂದು ಯೂನಿವರ್ಸಿಟಿಯಲ್ಲಿ ಸಿವಿಲ್ ಇಂಜಿನಿಯರಿಂಗಿಗೆ ಅವಳಿಗೆ ಸೀಟು. ಹಾಸ್ಟೆಲು ಕೂಡ ಕೊಟ್ಟಿದ್ದರು. ಏಪ್ರಿಲ್ ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ನಾನು ಆ ಮಗುವನ್ನು ಅಪ್ಪಿ ಕುಣಿದೆ. ಅವಳು ಮೆಲ್ಲಗೆ ಕಾಗದ ಕೈಯಿಂದ ತೆಗೆದುಕೊಂಡು, "ಇಟ್ಸ್ ಫೈನ್, ಆಂಟಿ. ಐ ಆಮ್ ನಾಟ್ ಗೋಯಿಂಗ್," ಎಂದಳು. ಇಲ್ಲೇ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರುತ್ತಾಳಂತೆ. ಇನ್ನೇನಾದರೂ ಕೇಳುವ ಮೊದಲೇ ಅವಳ ಫೋನು ಗುಣುಗುಟ್ಟಿತು. ಚಿಕ್ಕವನನ್ನು ಕರೆತರಲು ಓಡಿದಳು.

ನನ್ನ ತಲೆ ಗಿರ್ರೆಂದಿತು. ಹೌದಲ್ಲ, ತಾಯಿ ಬೇಡ ಎಂದಿರಬೇಕು. ಹಾಸ್ಟೆಲ್ ಎಂದರೆ ಹೆದರಿಕೆ, ಮದುವೆ ಮಾಡುವ ಯೋಚನೆ, ಜನ ಏನಂದಾರು, ಇನ್ನೇನು. ನನ್ನ ತಲೆಯ ಮೇಲೂ ಆಕೆಯಂಥದೇ ಸ್ಕಾರ್ಫು. ನನ್ನ ಬಗ್ಗೆ ಇಲ್ಲಿಯ ಜನ ಇಂಥದೇ ಲೆಕ್ಕ ಹಾಕಿದಾಗ ನಾನು ಎಷ್ಟು ಉರಿದಿದ್ದೇನೆ! ಆದರೂ ಆಕೆಯ ಬಗ್ಗೆ ಅದೇ ಲೆಕ್ಕವನ್ನು ಒಂದು ಕ್ಷಣದಲ್ಲಿ ಹಾಕಿದೆ. ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದು.

ಸಂಜೆ ಅಂಗಡಿ ಮುಚ್ಚಿ, ಕಾರಿನಲ್ಲಿ ಕೂತು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿರುವ ನನ್ನ ಮಗಳಿಗೆ ಫೋನ್ ಹಚ್ಚಿದೆ. ಸಿಟ್ಟು ತೋಡಿಕೊಳ್ಳಲು ನನಗಿರುವವಳು ಅವಳೊಬ್ಬಳೇ. ಬಂಗಾರದಂಥ ಹುಡುಗಿಯನ್ನು ಮನೆಗೆಲಸಕ್ಕೆ ಕಟ್ಟಿ ಹಾಕುತ್ತಿದ್ದಾರೆ, ಆ ತಾಯಿಗೆ ಹೇಗೆ ಮನಸ್ಸು ಬರುತ್ತದೆ, ತಮ್ಮಂದಿರ ಚಾಕರಿಗೆ ಹುಟ್ಟಿದಳೇನು ಎಂದು ಇಪ್ಪತ್ತು ನಿಮಿಷ ಒದರಿದೆ.

"ಅಮ್ಮೀ," ಎಂದಳು ಮಗಳು. "ಐ ವಾಸ್ ಇಲೆವೆನ್."

ನಾನು ಅಂಗಡಿ ತೆಗೆದ ವರ್ಷ ಅವಳಿಗೆ ಹನ್ನೊಂದು, ಅವಳ ತಮ್ಮನಿಗೆ ಆರು. ವಾರಕ್ಕೆ ಆರು ದಿನ ನಾನು ಅಂಗಡಿಯಲ್ಲಿ. ತಮ್ಮನನ್ನು ಬಸ್ಸಿನಿಂದ ಇಳಿಸಿಕೊಂಡು, ಹಾಲು ಕಾಯಿಸಿ, ಹೋಂವರ್ಕ್ ಮಾಡಿಸಿ, ನಾನು ಬರುವವರೆಗೆ ಅವನನ್ನು ನೋಡಿಕೊಂಡವಳು ಅವಳು. ಮುಂದೆ ಅವನ ಕಾಲೇಜಿನ ಅರ್ಜಿಗಳನ್ನೂ ಅವಳೇ ತುಂಬಿದಳು. ಯಾರ ಮನೆಗೆ ಊಟಕ್ಕೆ ಹೋದರೂ ನಾನು ಹೆಮ್ಮೆಯಿಂದ, "ಅಕ್ಕ ಅಲ್ರೀ, ಅವನ ಎರಡನೇ ತಾಯಿ" ಎನ್ನುತ್ತಿದ್ದೆ. ಅವಳಿಗೂ ಶಿಕಾಗೋದ ಕಾಲೇಜೊಂದರಲ್ಲಿ ಸೀಟು ಬಂದಿತ್ತು. ಬೇಡ ಎಂದು ಮನೆಯಿಂದ ಹೋಗಿ ಬರುವ ಕಾಲೇಜಿಗೇ ಸೇರಿದಳು. ಅವಳಿಗೆ ಮನೆಯೇ ಇಷ್ಟ ಎಂದು ನಾನು ನಂಬಿಕೊಂಡಿದ್ದೆ. ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ.

"ಆ ಹುಡುಗಿಯ ತಾಯಿಯನ್ನು ನೀನು ಕೇಳಿದೆಯಾ?" ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. "ನಾನಂತೂ ನಿಜವಾದ ಕಾರಣ ನಿನಗೆ ಹೇಳಿರಲಿಲ್ಲ."

ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಹೈವೇ ಬಿಟ್ಟು ಇಳಿಯುವ ನನ್ನ ಎಕ್ಸಿಟ್ ತಪ್ಪಿ ಆರು ಮೈಲಿ ಮುಂದೆ ಹೋದೆ. ಬೆಳಿಗ್ಗೆ ಚಹಾ ಸೋಸುತ್ತಲೇ ಆಕೆಯನ್ನು ಕೇಳಿಬಿಟ್ಟೆ: ಮಗಳನ್ನು ದೂರದ ಕಾಲೇಜಿಗೆ ಯಾಕೆ ಕಳಿಸುವುದಿಲ್ಲ?

"ಯಾವ ಕಾಲೇಜು?" ಎಂದಳು ಆಕೆ.

ಪ್ರಿಂಟರಿನಲ್ಲಿ ಅಂಚು ಹರಿದು ಉಳಿದಿದ್ದ ಇನ್ನೊಂದು ಪ್ರತಿ ನನ್ನ ಹತ್ತಿರ ಇತ್ತು. ತಂದು ಒಂದೊಂದೇ ಸಾಲು ಓದಿ, ಸುಲಭದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಮನೆಗೆ ಬರುವ ಪ್ರತಿ ಕಾಗದವನ್ನೂ ತಾಯಿಗೆ ಓದಿ ಹೇಳುವ ಹುಡುಗಿ ಇದೊಂದನ್ನು ಓದಿರಲಿಲ್ಲ. ಆಕೆ ಕೇಳಿಸಿಕೊಂಡಳು. ಕಾಗದ ಇಸಿದುಕೊಂಡು ಸಣ್ಣದಾಗಿ ಮಡಚಿ ಎದೆಯ ಹತ್ತಿರ ಇಟ್ಟುಕೊಂಡಳು.

"ನಾ ಬ್ಯಾಡ ಅಂದಿಲ್ಲ, ಅಬ್ಬಾಯೊ. ನನಗ ಯಾರೂ ಕೇಳೇ ಇಲ್ಲ."

ಇಡೀ ದಿನ ಕೂತು ಒಂದು ಪ್ರಾಮ್ ಡ್ರೆಸ್ಸಿನ ಏಳು ಪದರದ ಅಂಚನ್ನು ಕೈಯಲ್ಲೇ ಹೊಲಿದು ಮುಗಿಸಿದಳು. ಹುಡುಗಿ ಬಂದ ಕೂಡಲೇ ಎದುರಿಗೆ ನಿಲ್ಲಿಸಿಕೊಂಡು, ಫೋನಿನ ಕಡೆ ಬೆರಳು ತೋರಿಸಿ ಏನೋ ಹೇಳಿದಳು. ಇದರಲ್ಲಿ ಶಾಲೆಯಿಂದ ಬಂದಿರುವುದನ್ನೆಲ್ಲ ಓದು, ಒಂದೂ ಬಿಡಬೇಡ ಎಂದಳಂತೆ. ಹುಡುಗಿ ಓದತೊಡಗಿದಳು. ನನಗೆ ಸೋಮಾಲಿ ತಿಳಿಯದಿದ್ದರೂ ನಡುನಡುವೆ ಬರುವ ಆಬ್ಸೆಂಟ್, ಮಿಸ್ಸಿಂಗ್, ಲೇಟ್, ಮತ್ತೆ ಆಬ್ಸೆಂಟ್ ತಿಳಿಯುತ್ತಿತ್ತು. ಎಲ್ಲ ಆ ಹದಿನೈದರ ಹುಡುಗನ ಪ್ರತಾಪ. ಓದಿ ಮುಗಿಸುವ ಹೊತ್ತಿಗೆ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಅವಳು ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ದಾರಿ ತಪ್ಪಿದ ಹುಡುಗರನ್ನು ತಿದ್ದಿಸಲು ಸೋಮಾಲಿಗಳಲ್ಲಿ ಕೆಲವರು ನೈರೋಬಿಯಲ್ಲೋ ಸೋಮಾಲಿಯಾದಲ್ಲೋ ಇರುವ ಸಂಬಂಧಿಕರ ಹತ್ತಿರ ಕಳಿಸಿಬಿಡುತ್ತಾರೆ. ಪರಿಚಯದ ಇಬ್ಬರು ಹುಡುಗರನ್ನು ಹಾಗೆ ಕಳಿಸಿದ್ದರು. ತಾಯಿಗೆ ಗೊತ್ತಾದರೆ ತಮ್ಮನ ಗತಿಯೂ ಅದೇ ಎಂದು ಅಕ್ಕ ಹೆದರಿದ್ದಳು. ತಾನು ಹೋದರೆ ಈ ಮೆಸೇಜುಗಳು ಯಾರ ಕೈಗೆ ಹೋಗುತ್ತವೆ? ಅದಕ್ಕೇ ಸೀಟು ಬೇಡವೆಂದುಕೊಂಡಿದ್ದಳು. ಆ ಹುಡುಗಿಯ ಮನಸ್ಸು ಎಷ್ಟು ದೊಡ್ಡದಪ್ಪಾ ಎನ್ನಿಸಿ ನನಗೂ ಕಣ್ಣೀರು ಬಂತು.

ತಾಯಿ ಅಳಲಿಲ್ಲ. ನನ್ನ ಕಡೆ ತಿರುಗಿದಳು. "ನಾಕು ಮೈಲಿ ದೂರದ ಶಾಲಿಗೆ ನಾ ಒಂದು ದಿನ ಹೋಗಿಲ್ಲ. ಅವನ್ನ ಎಂಟು ಸಾವಿರ ಮೈಲಿ ಯಾಕ ಕಳಸ್ಲಿ?"

ಮರುವಾರ ಹುಡುಗನ ಗಣಿತದ ಟೀಚರನ್ನು ಕಾಣುವುದೆಂದಾಯಿತು. ಹುಡುಗಿ ಎಂದಿನಂತೆ ತಾನೂ ಹೊರಟು ನಿಂತಳು. "ನೀ ಮನ್ಯಾಗ ಇರು," ಎಂದಳು ತಾಯಿ. ಫೋನಿನಲ್ಲಿ ಸೋಮಾಲಿ ಬಲ್ಲವರನ್ನು ಕೊಡುತ್ತೇವೆ ಎಂದು ಶಾಲೆಯವರು ಹೇಳಿದ್ದರು, ಅದನ್ನೂ ಬೇಡವೆಂದಳು. ತರ್ಜುಮೆ ಮಾಡುವವನು ಹುಡುಗನೇ. ಯಾರ ತಪ್ಪೋ, ಅದನ್ನು ಹೇಳುವ ಬಾಯಿಯೂ ಅವರದೇ.

ನನ್ನನ್ನೂ ಜೊತೆಗೆ ಬಾ ಎಂದಳು. ನಾನು ಯಾಕೆ? ಸಾಕ್ಷಿಗೆ. "ಅವ ಸುಳ್ಳು ಹೇಳಿದ್ರ ಮೇಜಿನ ಕೆಳಗ ನನ್ನ ಕಾಲು ತುಳಿ," ಎಂದಳು.

"ನನಗ ಸೋಮಾಲಿ ಬರೂದಿಲ್ಲಲ್ಲವಾ, ಸುಳ್ಳು ಅಂತ ಹ್ಯಾಂಗ ತಿಳೀಬೇಕು?"

"ಉದ್ದ ನೋಡು. ಟೀಚರ್ ಮಾತು ಒಂದು ಗಜ ಇದ್ದು, ಅವಂದು ಒಂದು ಗೇಣ ಆದ್ರ ತುಳಿ."

ದರ್ಜಿಗಳ ಬುದ್ಧಿ ನೋಡಿ!

ಟೀಚರು ಚಿಕ್ಕ ವಯಸ್ಸಿನವಳು, ಸಮಾಧಾನಿ. ಆರಡಿ ಹುಡುಗ ಪುಟ್ಟ ಕುರ್ಚಿಯಲ್ಲಿ ಮೊಳಕಾಲು ಮಡಚಿ ಕೂತಿದ್ದ. ಟೀಚರು ಎರಡು ನಿಮಿಷ ಮಾತಾಡಿದಳು. ಕೊಡದೇ ಉಳಿದ ಹೋಂವರ್ಕುಗಳು, ತಪ್ಪಿಸಿದ ಕ್ಲಾಸುಗಳು, ಹೀಗೇ ಹೋದರೆ ಈ ವಿಷಯದಲ್ಲಿ ಫೇಲು. ಹುಡುಗ ತಾಯಿಗೆ ಮೂರು ಶಬ್ದ ಹೇಳಿದ. ನಾನು ತುಳಿದೆ. ತಾಯಿ ಅವನನ್ನೇ ನೋಡಿದಳು. ಅವನು ಇನ್ನೂ ನಾಲ್ಕು ಶಬ್ದ ಸೇರಿಸಿದ. ಮತ್ತೆ ತುಳಿದೆ.

ಆಗ ಗೊತ್ತಾಯಿತು, ಅವನು ಕಳ್ಳಾಟವನ್ನಷ್ಟೇ ಆಡುತ್ತಿರಲಿಲ್ಲ. ಅವನಿಗೆ ಮಾತೇ ಇರಲಿಲ್ಲ. ಅಕ್ಕನನ್ನು ಮನೆಯಲ್ಲಿ ಇಟ್ಟುಕೊಂಡಿದ್ದಕ್ಕೆ ಅವಳಿಗೆ ಎರಡೂ ಭಾಷೆ ಹರಳು ಹುರಿದಂತೆ. ಇವನನ್ನು ಹೊರಗೆ ಬಿಟ್ಟದ್ದಕ್ಕೆ ತಾಯಿಯ ಭಾಷೆ ಊಟ, ನಿದ್ದೆ, ದುಡ್ಡು ಕೊಡು, ಇಷ್ಟಕ್ಕೇ ನಿಂತಿತ್ತು. ಹದಿನೈದು ವರ್ಷದ ಮಗನಿಗೆ ತಾಯಿಯ ಹತ್ತಿರ ಒಂದು ದೊಡ್ಡ ಮಾತು ಆಡಲು ಬರುತ್ತಿರಲಿಲ್ಲ. ಅದು ಆಕೆಗೂ ಆಗಲೇ ತಿಳಿದದ್ದು. ಮುಖ ಬಾಡಿತು, ಕ್ಷಣ ಮಾತ್ರ. ಆಮೇಲೆ ಮುಂದಕ್ಕೆ ಬಾಗಿ, ಅವನಿಗೆ ಶಬ್ದ ಕೊಡತೊಡಗಿದಳು. ಇದಾ? ಅಲ್ಲವಾ? ಹಾಗಾದರೆ ಇದಾ? ಅವನು ಹೂಂ ಎಂದು ಆ ಶಬ್ದ ಹಿಡಿದು ಮತ್ತೆ ಮೊದಲಿಂದ ಶುರು ಮಾಡುವನು. ಹದಿನೈದು ನಿಮಿಷದ ಭೇಟಿ ಮುಕ್ಕಾಲು ಗಂಟೆ ಹಿಡಿಯಿತು. ಹುಡುಗನ ಹಣೆಯ ಮೇಲೆ ಬೆವರು. ಟೀಚರು ಗಡಿಯಾರ ನೋಡಲಿಲ್ಲ, ಅವಳಿಗೆ ಪುಣ್ಯ ಬರಲಿ.

ಕೊನೆಗೆ ಟೀಚರು ಇನ್ನೊಂದು ಮಾತು ಹೇಳಿದಳು. ಕ್ಲಾಸಿಗೆ ಬಂದ ದಿನ ಇವನಷ್ಟು ಬೇಗ ಲೆಕ್ಕ ಹಿಡಿಯುವವರು ಆ ಕೋಣೆಯಲ್ಲಿ ಇಲ್ಲ, ಬೋರ್ಡಿನ ಮೇಲೆ ಬೇರೆಯವರಿಗೆ ಬಿಡಿಸಿ ತೋರಿಸುತ್ತಾನೆ, ಅವನು ಬಾರದ ದಿನ ತನಗೇ ಬೇಸರವಾಗುತ್ತದೆ ಎಂದಳು. ಹುಡುಗ ಕೆಳಗೆ ನೋಡುತ್ತ ಒಂದೂ ಶಬ್ದ ಹೇಳಲಿಲ್ಲ. ನಾನು ಜೋರಾಗಿ ತುಳಿದೆ.

"ಏನು?" ಎಂದು ಆಕೆ ಗಾಬರಿಯಾಗಿ ಅವನ ತೋಳು ಹಿಡಿದಳು. ಇನ್ನೇನು ಅನಾಹುತ ಉಳಿದಿದೆಯೋ ಎಂದು. ಅವನು ತೊದಲಿದ, ನಾಚಿದ, ಕಿವಿ ಕೆಂಪಾಗುವಷ್ಟು ನಾಚಿದ. ಆಮೇಲೆ ಸಣ್ಣ ದನಿಯಲ್ಲಿ, ಒಡೆದ ಒಡೆದ ಸೋಮಾಲಿಯಲ್ಲಿ, ತನ್ನ ಹೊಗಳಿಕೆಯನ್ನು ತಾನೇ ತಾಯಿಗೆ ಹೇಳಿದ. ಆಕೆ ಅವನ ತಲೆಯ ಮೇಲೆ ಕೈಯಿಟ್ಟಳು. ಅಷ್ಟು ಉದ್ದದ ಹುಡುಗ ಆ ಕೈಯ ಕೆಳಗೆ ಅಲುಗಾಡದೆ ಕೂತ. ನನ್ನ ಮಗನ ಟೀಚರೊಬ್ಬರನ್ನೂ ನಾನು ಹೀಗೆ ಕಂಡವಳಲ್ಲ.

ಮನೆಯದನ್ನೆಲ್ಲ ಇನ್ನು ನಾನು ನೋಡುತ್ತೇನೆ, ನೀನು ಆ ಕಾಲೇಜಿಗೆ ಹೋಗು ಎಂದು ತಾಯಿ ಹೇಳಿದ ಮೇಲೆ ಹುಡುಗಿಗೆ ಖುಷಿಯಾಗಬೇಕಲ್ಲ? ಇಲ್ಲ, ಕೆಂಡಾಮಂಡಲವಾದಳು. ಅಂಗಡಿಯಲ್ಲೇ, ಗಿರಾಕಿಯೊಬ್ಬಳು ಪಿನ್ನು ಚುಚ್ಚಿಸಿಕೊಂಡು ನಿಂತಿರುವಾಗಲೇ ತಾಯಿಯ ಮೇಲೆ ಹಾರಾಡಿದಳು. ನಿನಗೆ ಪಾಸ್‌ವರ್ಡೂ ಗೊತ್ತಿಲ್ಲ, ಯಾರಿಗೆ ಯಾವ ಔಷಧಿ ಎಂದೂ ಗೊತ್ತಿಲ್ಲ, ನಾನಿಲ್ಲದಿದ್ದರೆ ಒಂದು ವಾರ ಮನೆ ನಡೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಬೈಗುಳ ಅನ್ನುವುದಕ್ಕಿಂತ ಅದು ಕೆಲಸ ಕಳೆದುಕೊಂಡವರ ಸಂಕಟ. ತಾಯಿ ಕೇಳಿಸಿಕೊಂಡು, "ಖರೆ," ಎಂದಳು. "ಒಂದೊಂದ ಹೇಳಿಕೊಡು."

ಆ ಏಪ್ರಿಲ್ ತಿಂಗಳೆಲ್ಲ ಮೇಜಿನ ಮೂಲೆಯಲ್ಲಿ ಶಾಲೆ ನಡೆಯಿತು. ಕಲಿಸುವವಳು ಮಗಳು, ಕಲಿಯುವವಳು ತಾಯಿ. ಶಾಲೆಗಳಲ್ಲಿ ಆಕೆಯ ನಂಬರೇ ಬರೆಸಿದರು. ಬಂದ ಮೆಸೇಜನ್ನು ಫೋನೇ ಓದಿ ಹೇಳುವಂತೆ ಮಾಡಿದರು. ಅದೂ ತಿಳಿಯದಿದ್ದರೆ ನನ್ನ ಹತ್ತಿರ ಬರುತ್ತಿತ್ತು. ನೆಬ್ರಾಸ್ಕಾದಿಂದಲೋ ಎಲ್ಲಿಂದಲೋ ಗಂಡ ಫೋನ್ ಮಾಡಿ, ಇವಳು ಹೋದರೆ ಚಿಕ್ಕವರನ್ನು ಯಾರು ನೋಡಬೇಕು ಎಂದನಂತೆ. "ನಾನು, ನೀನು, ಮತ್ತ ನಿನ್ನ ಮಗ ಅಂದೆ," ಎಂದಳು ಆಕೆ. ಅವನು ಸರಿ ಎಂದನಂತೆ. ಮಸೀದಿಯ ಹೆಂಗಸರಲ್ಲಿ ಕೆಲವರು, ಗಂಡುಮಗನ ಕೈಯಲ್ಲಿ ತಟ್ಟೆ ತೊಳೆಸುತ್ತಾಳಂತೆ ಎಂದು ಆಡಿಕೊಂಡರು. ಇನ್ನು ಕೆಲವರು ಮೆಲ್ಲಗೆ ಬಂದು, ಆ ಫೋನ್ ಓದಿ ಹೇಳುವುದು ಹೇಗೆ, ನಮಗೂ ತೋರಿಸು ಎಂದರು. ಕೊನೆಯ ವಾರ ಹುಡುಗಿ ನನ್ನ ಅಂಗಡಿಯಲ್ಲೇ ಕೂತು ಹೂಂ ಎಂದು ಉತ್ತರ ಕಳಿಸಿದಳು. ಒತ್ತುವ ಮೊದಲು ಮೂರು ಸಲ ತಾಯಿಯ ಮುಖ ನೋಡಿದಳು.

ನಾನು ಇಪ್ಪತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ. ಇಂಗ್ಲಿಷ್ ಬರುತ್ತದೆ, ಕಾರು ಬರುತ್ತದೆ, ಅಂಗಡಿ ಇದೆ. ಮೂರು ವರ್ಷ ಓದಿದ ಆ ಹೆಂಗಸು ಒಂದು ತಿಂಗಳಲ್ಲಿ ಮಾಡಿದ್ದನ್ನು ನಾನು ಅಷ್ಟೂ ವರ್ಷ ಮಾಡಲಿಲ್ಲ. ಇದನ್ನು ಆಕೆಗೂ ಹೇಳಿದ್ದೇನೆ, ನನ್ನ ಮಗಳಿಗೂ ಹೇಳಿದ್ದೇನೆ. ಆ ಭಾನುವಾರ ಮಗಳು ತಾನಾಗಿ ಫೋನ್ ಮಾಡಿದಳು.

ಸೆಪ್ಟೆಂಬರಿನಲ್ಲಿ ಹುಡುಗಿ ಹೋದಳು. ಹೋದ ಮೂರನೇ ವಾರ, ಮಧ್ಯಾಹ್ನ ಮುಗಿಯುವ ಹೊತ್ತಿಗೆ ಅಂಗಡಿಗೆ ಅವಳ ಫೋನು ಬಂತು. ತಾಯಿಯ ಎರಡೂ ಕೈ ಒಂದು ಮದುವೆ ಗೌನಿನಲ್ಲಿ ಹೂತಿದ್ದವು, ಫೋನನ್ನು ಮೇಜಿನ ಮೇಲಿಟ್ಟು ಜೋರು ಮಾಡಿದೆ. ಹುಡುಗಿ ಗಡಗಡ ಏನೋ ಕೇಳಿದಳು. ತಾಯಿ ಚಿಕ್ಕದಾಗಿ ಉತ್ತರ ಕೊಟ್ಟಳು. ಮತ್ತೊಂದು ಕೇಳಿದಳು, ಮತ್ತೆ ಚಿಕ್ಕ ಉತ್ತರ. ಮೂರನೇ ಸಲ ಹುಡುಗಿ ಮೆಲ್ಲಗೆ, ತಡೆದು ತಡೆದು ಏನೋ ಹೇಳಿದಳು. ತಾಯಿ ಒಂದೇ ಒಂದು ಮಾತು ಹೇಳಿ, ಅದನ್ನೇ ಇನ್ನೊಮ್ಮೆ ಹೇಳಿ, ಇಡು ಎಂದು ನನಗೆ ಸನ್ನೆ ಮಾಡಿದಳು.

"ಏನಾತವಾ? ಏನಂದ್ಲು?" ಎಂದೆ. ವಾಪಸ್ ಬರುತ್ತೇನೆ ಎಂದಳೋ ಏನೋ ಎಂದು ನನಗೆ ಭಯ.

"ತಮ್ಮ ಹೋಂವರ್ಕ್ ಕೊಟ್ಟನೇನು ಅಂತ ಕೇಳಿದ್ಲು. ಅದು ನನ್ನ ಕೆಲಸ, ನಿಂದಲ್ಲ ಅಂದೆ. ಸಣ್ಣಾವರು ಉಂಡ್ರೇನು ಅಂದ್ಲು. ಅದೂ ನಿಂದಲ್ಲ, ನಿನ್ನ ಸುದ್ದಿ ಹೇಳು ಅಂದೆ. ಆಕಿಗೆ ಏನ್ ಹೇಳಬೇಕೋ ತಿಳೀಲಿಲ್ಲ." ಆಕೆ ಗೌನಿನಿಂದ ಕೈ ಹೊರಗೆ ತೆಗೆದಳು. "ಆಮ್ಯಾಲೆ ಅಂದ್ಲು, ಕ್ಲಾಸ್ ಮುಗಿದಕೂಡ್ಲೆ ಓಡೋಡಿ ಹೊರಗ ಬರ್ತೀನಿ, ಬಂದು ನಿಲ್ತೀನಿ, ಯಾರನ್ನ ಕರ್ಕೊಂಡು ಬರಬೇಕೋ ಗೊತ್ತಾಗೂದಿಲ್ಲ ಅಂತ."

"ನೀ ಏನಂದಿ?"

"ಕುಂದ್ರು ಅಂದೆ." ಆಗ ಆಕೆ ಅತ್ತಳು, ನಾನು ನೋಡಿದ್ದು ಅದೇ ಮೊದಲು. "ಹದಿನೇಳು ವರ್ಷದಾಗ ಆಕಿಗೆ ನಾ ಅದೊಂದು ಮಾತು ಹೇಳಿರಲಿಲ್ಲ, ಅಬ್ಬಾಯೊ."